ಎಡಗೈ ಎತ್ತಿದ್ದು ನೋವಿಗಲ್ಲ

ಕಾಫಿ ಬೀಜ ಒಣಗಿದೆಯೋ ಇಲ್ಲವೋ ಎಂಬುದನ್ನು ನಮ್ಮ ಕಣದಲ್ಲಿ ಹಲ್ಲೇ ಹೇಳಬೇಕು. ಸಿಪ್ಪೆ ಸುಲಿದು ಒಂದು ಬೀಜ ಕಚ್ಚುವುದು. ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ, ಬೀಳದಿದ್ದರೆ ಚೀಲಕ್ಕೆ. ಹಾನುಬಾಳಿನ ಹತ್ತಿರದ ಈ ತೋಟಕ್ಕೆ ಸೊಸೆಯಾಗಿ ಬಂದಾಗಿನಿಂದ ಆ ಕೆಲಸ ನನ್ನದು. ಈ ಸಲ ಸಂಕ್ರಾಂತಿ ಕಳೆದ ವಾರ ಎಡ ದವಡೆಯಲ್ಲಿಟ್ಟು ಕಚ್ಚಿದೆ. ಕಟಕ್ ಅಂದಿತು.

ಒಡೆದದ್ದು ಬೀಜವಲ್ಲ.

ಮೊದಲೇ ಹುಳುಕಾಗಿದ್ದ ಹಲ್ಲು. ಲವಂಗ ಇಟ್ಟೆ. ಉಪ್ಪುನೀರು ಮುಕ್ಕಳಿಸಿದೆ. ನಾಲ್ಕನೆಯ ದಿನಕ್ಕೆ ಕೆನ್ನೆ ಊದಿತು. ಸಕಲೇಶಪುರದ ಕ್ಲಿನಿಕ್ಕಿನಲ್ಲಿ, ನನ್ನ ತಂಗಿಯ ವಯಸ್ಸಿನ ಲೇಡಿ ಡಾಕ್ಟರ್ ಎಕ್ಸ್‌ರೇ ನೋಡಿದರು. ಬೇರಿನಲ್ಲಿ ಕೀವು ತುಂಬಿದೆ, ಐದು ದಿನ ಮಾತ್ರೆ ತೆಗೆದುಕೊಂಡು ಬನ್ನಿ, ಹಲ್ಲು ತೆಗೆಯೋಣ ಎಂದರು. ತಡ ಮಾಡಿದರೆ ಇನ್ಫೆಕ್ಷನ್ ಕುತ್ತಿಗೆಗೆ ಇಳಿಯಬಹುದು, ಆಮೇಲೆ ಹಾಸನಕ್ಕೇ ಹೋಗಿ ಅಡ್ಮಿಟ್ ಆಗಬೇಕು ಎಂದೂ ಹೇಳಿದರು.

ಮಾತ್ರೆ ನುಂಗಿದೆ. ಆರನೆಯ ದಿನ ಹೋದೆ. ಎಸ್‌ಟಿಡಿ ಬೂತಿನ ಪಕ್ಕದ ಕ್ಲಿನಿಕ್ಕಿನ ಮೆಟ್ಟಿಲನ್ನು ಅರ್ಧ ಹತ್ತಿ, ಇಳಿದು, ಸಿಕ್ಕಿದ ಬಸ್ಸು ಹತ್ತಿ ಮನೆಗೆ ಬಂದೆ. ಡಾಕ್ಟರ್ ಇರಲಿಲ್ಲ ಎಂದು ಸುಳ್ಳು ಹೇಳಿದೆ.

ಚಿಕ್ಕವಳಿದ್ದಾಗ ಸಂತೆಯಲ್ಲಿ ನನ್ನ ಅಪ್ಪನ ಹಲ್ಲು ಕಿತ್ತದ್ದನ್ನು ನೋಡಿದ್ದೆ. ಕಿತ್ತ ಹಲ್ಲುಗಳನ್ನು ಕೆಂಪು ಬಟ್ಟೆಯ ಮೇಲೆ ರಾಶಿ ಹಾಕಿಕೊಂಡು ಕೂತವನ ಮುಂದೆ, ಇಬ್ಬರು ಅಪ್ಪನ ಭುಜ ಒತ್ತಿ ಹಿಡಿದಿದ್ದರು. ಎಂದೂ ದನಿ ಎತ್ತದ ಅಪ್ಪ ಅಂದು ಕೂಗಿದ ಕೂಗು ನಲವತ್ತನೆಯ ವಯಸ್ಸಿನಲ್ಲೂ ಆ ಮೆಟ್ಟಿಲ ಮೇಲೆ ನನಗೆ ಕೇಳಿಸುತ್ತಿತ್ತು.

ಮೂರು ದಿನ ಕಳೆಯುವಷ್ಟರಲ್ಲಿ ಊತ ದವಡೆಯ ಕೆಳಕ್ಕೆ ಜಾರಿತು.

ಅತ್ತೆಯ ಮುಂದೆ ಸುಳ್ಳು ಒಪ್ಪಿಕೊಂಡೆ. ಅತ್ತೆ ಬೈಯಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಮುಂಚೆ ಎದ್ದು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂರುವವರು ಅವರು. ನನಗೂ ಅದನ್ನು ರೂಢಿ ಮಾಡಿಸಿದವರು. ಭಯವಾದಾಗ ನಮಃ ಶಿವಾಯ ಅನ್ನು ಎಂದರು. ಕುರ್ಚಿಯಲ್ಲಿ ಬಾಯಿ ತೆರೆದು ಕೂತವಳು ಹೇಗೆ ಅನ್ನಲಿ ಎಂದೆ.

"ಅವನೇನ್ ಕಿವುಡ್ನಾ? ಒಳಗೇ ಅನ್ಕ. ಲಿಂಗ ಅಂಗೈಲೈತೆ ಅಂದ್ಕ, ಅದನ್ನೇ ನೋಡ್ತಾ ಇರು. ಆ ಯಮ್ಮ ಹಲ್ಲಿನ ಕೆಲ್ಸ ನೋಡ್ಕತಾಳೆ."

ಮರುದಿನ ಕ್ಲಿನಿಕ್ಕಿಗೆ ಯಜಮಾನರೂ ಜೊತೆಗೆ ಬಂದರು. ನಾನು ಮೇಲೆ ಹೋದ ಮೇಲೆ ಅವರು ಮೆಟ್ಟಿಲ ಬುಡದಲ್ಲೇ ನಿಂತರು, ನಾನು ಇಳಿದು ಓಡದ ಹಾಗೆ.

ಇಂಜೆಕ್ಷನ್ ಆಯಿತು. ನಾಲಿಗೆ ದಪ್ಪವಾಯಿತು. ನೋವಾದರೆ ಎಡಗೈ ಎತ್ತಿ, ನಿಲ್ಲಿಸುತ್ತೇನೆ ಎಂದರು ಡಾಕ್ಟರ್. ನಾನು ಕಣ್ಣು ಮುಚ್ಚಿದೆ. ನಮಃ ಶಿವಾಯ. ಅಪ್ಪನ ಕೂಗು ಬಂತು. ಮತ್ತೆ ನಮಃ ಶಿವಾಯ. ಅಂಗೈಯಲ್ಲಿ ಲಿಂಗದ ತಂಪು, ಅದರ ಕಪ್ಪು ಹೊಳಪು, ಅದರಲ್ಲಿ ದೀಪದ ಒಂದು ಚುಕ್ಕೆ. ನಿಧಾನವಾಗಿ ಕೂಗು ದೂರವಾಯಿತು.

ಇಕ್ಕಳ ನಿಂತುಬಿಟ್ಟಿತು.

ನೋವಾಯಿತೇ ಎಂದರು. ಇಲ್ಲವೆಂದು ತಲೆ ಅಲ್ಲಾಡಿಸಿದೆ. ಮತ್ತೆ ಶುರು ಮಾಡಿದರು, ಮತ್ತೆ ನಿಲ್ಲಿಸಿದರು. ಇನ್ನೊಂದು ಇಂಜೆಕ್ಷನ್ ಕೊಟ್ಟರು. ಮೂರನೆಯ ಸಲ ನಿಲ್ಲಿಸಿದಾಗ ಕಣ್ಣು ಬಿಟ್ಟೆ. ನನ್ನ ಎಡಗೈ ಎದೆಯ ಮಟ್ಟಕ್ಕೆ ಎದ್ದಿತ್ತು, ಅಂಗೈ ಮೇಲ್ಮುಖವಾಗಿ, ಪೂಜೆಯಲ್ಲಿ ಇರುವ ಹಾಗೇ. ನನಗೆ ಗೊತ್ತೇ ಆಗಿರಲಿಲ್ಲ.

ಕೈ ಎದ್ದದ್ದೇಕೆ ಎಂದು ದಪ್ಪ ನಾಲಿಗೆಯಲ್ಲಿ ತೊದಲುತ್ತಾ ಹೇಳಿದೆ. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ, ಮೊದಲೇ ಹೇಳ್ಬಾರ್ದೇನ್ರೀ? ಆ ಕೈ ದೇವ್ರಿಗೇ ಇರ್ಲಿ ಬಿಡಿ. ನೋವಾದ್ರೆ ಕಾಲು ಆಡ್ಸಿ."

ಕಾಲು ಒಮ್ಮೆಯೂ ಆಡಲಿಲ್ಲ. ಒತ್ತಿದ್ದು ಗೊತ್ತಾಯಿತು, ಎಳೆದದ್ದು ಗೊತ್ತಾಯಿತು, ದವಡೆಯೊಳಗೆ ಯಾರೋ ಬೇಲಿಯ ಗೂಟ ಅಲ್ಲಾಡಿಸಿ ಕಿತ್ತಂತೆ ಸದ್ದೂ ಕೇಳಿತು. ಆದರೆ ಅದೆಲ್ಲ ಪಕ್ಕದ ತೋಟದಲ್ಲಿ ನಡೆಯುತ್ತಿತ್ತು, ನಾನು ನನ್ನ ಅಂಗೈಯ ಮುಂದೆ ಕೂತಿದ್ದೆ.

ಹಲ್ಲನ್ನು ತೋರಿಸಿ ಎಂದು ನಾನೇ ಕೇಳಿದೆ. ಎರಡು ಬೇರು, ತುದಿಯಲ್ಲಿ ರಕ್ತ. ಆ ಕೆಂಪು ಬಟ್ಟೆಯ ಮೇಲಿದ್ದಂಥದ್ದೇ. ಕಣ್ಣು ಮುಚ್ಚಿಕೊಳ್ಳಬೇಕು ಅನ್ನಿಸಲಿಲ್ಲ. ಹತ್ತಿ ಕಚ್ಚಿಕೊಂಡು ಮೆಟ್ಟಿಲು ಇಳಿದಾಗ ಯಜಮಾನರ ಮುಖವೇ ನನ್ನದಕ್ಕಿಂತ ಬಿಳಿಚಿಕೊಂಡಿತ್ತು.

ಊತ ಪೂರ್ತಿ ಇಳಿಯಲು ಇನ್ನೂ ಒಂದು ವಾರ ಹಿಡಿಯಿತು. ಕುತ್ತಿಗೆಗೆ ಹೋಗಲಿಲ್ಲ. ಅದೇ ದೊಡ್ಡದು.

ನಿನ್ನೆ ಕಣದಲ್ಲಿ ಅತ್ತೆ ನನ್ನ ಪಕ್ಕ ಬಂದು ನಿಂತರು. ಸ್ವಲ್ಪ ಹೊತ್ತು ಬೀಜ ಕೆದಕಿದರು.

"ನಂಗೂ ಕೆಳಗ್ಡೆ ಒಂದು ಹಲ್ಲು ನೋಯ್ತಾ ಐತೆ ಕಣೆ. ಎರಡ್ ವರ್ಷದಿಂದ. ಹೇಳಿದ್ರೆ ಕರ್ಕಂಡ್ ಹೋಗ್ಬುಡ್ತೀರಾ ಅಂತ ಸುಮ್ನಿದ್ದೆ."

ನಾನು ಅವರ ಕಡೆ ತಿರುಗಿದೆ.

"ನಾನ್ ಹೇಳ್ಕೊಟ್ಟಿದ್ದು ಅಲ್ಲಿ ನಂಗೇ ಮರ್ತೋದ್ರೆ? ನೀನ್ ಪಕ್ದಲ್ಲಿರು."

ಬಲಗಡೆಯ ಹಲ್ಲಿನಲ್ಲಿ ಒಂದು ಬೀಜ ಕಚ್ಚಿದೆ. ಗುರುತು ಬೀಳಲಿಲ್ಲ. ಚೀಲಕ್ಕೆ ತುಂಬಲು ಆಳುಗಳಿಗೆ ಹೇಳಿದೆ. ಸೀರೆ ಬದಲಾಯಿಸಿ ಬನ್ನಿ ಅತ್ತೆ, ಹತ್ತು ಗಂಟೆಯ ಬಸ್ಸು ಸಿಗುತ್ತದೆ ಎಂದೆ.