ಕೇರ್ ಆಫ್ ಇಂದುಮತಿ ಆಂಟಿ

2005ರಲ್ಲಿ ನಾನು ಲಾಸ್ ಏಂಜಲಿಸ್‌ನ ಒಂದು ಅಫಿಲಿಯೇಟ್ ನೆಟ್‌ವರ್ಕ್ ಕಂಪನಿಯಲ್ಲಿ ಕಂಪ್ಲಯನ್ಸ್ ರಿವ್ಯೂವರ್ ಆಗಿದ್ದೆ. ಕಂಪನಿಯ ವ್ಯವಹಾರ ವಯಸ್ಕರ ವೆಬ್‌ಸೈಟುಗಳದ್ದು. ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಕೆಲವು ವರ್ಷ ಕೋರ್ಟ್ ವರದಿ ಮಾಡಿ, ಮದುವೆಯಾಗಿ 2001ರಲ್ಲಿ ಈ ದೇಶಕ್ಕೆ ಬಂದವಳಿಗೆ ಸಿಕ್ಕ ಮೊದಲ ಕಾಯಂ ಕೆಲಸ ಅದು. ಕಾನೂನಿನ ಭಾಷೆ ಓದಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ. ಕನ್ನಡ ಸಂಘದಲ್ಲಿ ಯಾರಾದರೂ ವಿಚಾರಿಸಿದರೆ "ಲೀಗಲ್ ಡಿಪಾರ್ಟ್‌ಮೆಂಟ್" ಎಂದಷ್ಟೇ ಹೇಳುತ್ತಿದ್ದೆ. ಅದು ಸುಳ್ಳಾಗಿರಲಿಲ್ಲ.

ಅಫಿಲಿಯೇಟ್ ಎಂದರೆ ದಲ್ಲಾಳಿ. ಆತ ಸ್ವಂತವಾಗಿ ಒಂದು ಪುಟ ಕಟ್ಟುತ್ತಾನೆ, ಅಲ್ಲಿಗೆ ಬಂದ ಜನರನ್ನು ದೊಡ್ಡ ಸೈಟಿಗೆ ಕಳಿಸುತ್ತಾನೆ, ಅವರು ಚಂದಾದಾರರಾದರೆ ಅವನಿಗೆ ಪಾಲು. ನಿಚ್ ಎಂದರೆ ಅವನು ಆರಿಸಿಕೊಂಡ ಗಿರಾಕಿಗಳ ವರ್ಗ. ನನ್ನ ಕೆಲಸ ಈ ಪುಟಗಳು ಕಾನೂನಿನ ಒಳಗಿವೆಯೇ ಎಂದು ನೋಡುವುದು. ಜಾಹೀರಾತು ಇಮೇಲ್‌ಗಳ ಮೇಲೆ ವಯಸ್ಕರ ವಿಷಯ ಎಂಬ ಎಚ್ಚರಿಕೆ ಇದೆಯೇ, ಬೇಡ ಎಂದವರ ಹೆಸರು ತೆಗೆದಿದ್ದಾರೆಯೇ, ಹೀಗೆ. ಆ ವರ್ಷದ ಬೇಸಿಗೆಯಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ನಿಯಮವೊಂದು ಬಿಗಿಯಾಯಿತು. ಚಿತ್ರದಲ್ಲಿರುವ ಪ್ರತಿ ವ್ಯಕ್ತಿಯೂ ವಯಸ್ಕರೆಂಬ ಗುರುತಿನ ದಾಖಲೆಯನ್ನು ಚಿತ್ರ ತೆಗೆದವರು ಇಟ್ಟುಕೊಂಡರೆ ಸಾಲದು, ಪುಟದಲ್ಲಿ ಹಾಕಿದವರೂ ಇಟ್ಟುಕೊಂಡಿರಬೇಕು. ದಾಖಲೆ ಯಾರ ಬಳಿ, ಯಾವ ಬೀದಿಯ ಯಾವ ಮನೆಯಲ್ಲಿದೆ ಎಂದು ಅದೇ ಪುಟದಲ್ಲಿ ಪ್ರಕಟಿಸಬೇಕು. ಪೋಸ್ಟ್ ಬಾಕ್ಸ್ ನಡೆಯದು. ಅಧಿಕಾರಿಗಳು ಬಂದು ಬಾಗಿಲು ತಟ್ಟಬಹುದು. ಉದ್ಯಮದವರು ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿದರು, ಆದರೆ ನಮ್ಮ ಮೇಜಿನ ಮೇಲೆ ನಿಯಮ ಜಾರಿಯಲ್ಲಿತ್ತು.

ಹೊಸಬರಿಗಾಗಿ ಕಂಪನಿ ಸ್ಯಾನ್ ಡಿಯೆಗೊದ ಹೋಟೆಲೊಂದರಲ್ಲಿ ಶನಿವಾರದ ತರಗತಿ ನಡೆಸುತ್ತಿತ್ತು. ನಡೆಸುವವನು ಕರ್ಟ್, ಅಫಿಲಿಯೇಟ್ ವಿಭಾಗದ ಮ್ಯಾನೇಜರ್. ಬೆಳಗಿನಿಂದ ನಿಚ್ ಆಯ್ಕೆಯ ಪಾಠ. ಕಾನೂನಿಗೆ ಉಳಿದದ್ದು ಊಟಕ್ಕೆ ಏಳುವ ಮುಂಚಿನ ನಾಲ್ಕು ಮಾತು.

"ನಿಮಗೆ ಗೊತ್ತಿರುವ ಜನರನ್ನೇ ಆರಿಸಿಕೊಳ್ಳಿ. ನಿಮ್ಮವರಿಗೆ ಏನು ಬೇಕು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದ ಕರ್ಟ್, ವಿಳಾಸದ ಪ್ರಶ್ನೆ ಬಂದಾಗ ಕೈ ಬೀಸಿದ. "ಮನೆ ವಿಳಾಸ ಹಾಕಲು ಮುಜುಗರವೇ? ನಂಬಿಕೆಯ ಸ್ನೇಹಿತರದ್ದು ಹಾಕಿ."

ನಾನು ಹಿಂದಿನ ಸಾಲಿನಿಂದ ಎದ್ದು ನಿಂತೆ. "ಹಾಗಿದ್ದರೆ ದಾಖಲೆಗಳು ನಿಜವಾಗಿಯೂ ಆ ಸ್ನೇಹಿತರ ಮನೆಯಲ್ಲಿರಬೇಕು. ಆ ಸ್ನೇಹಿತರಿಗೆ ವಿಷಯ ಗೊತ್ತಿರಬೇಕು."

"ಇವರು ನಮ್ಮ ಪೊಲೀಸ್," ಎಂದು ಕರ್ಟ್ ಪರಿಚಯಿಸಿದ. ಎಲ್ಲರೂ ನಕ್ಕರು. ಊಟಕ್ಕೆ ಎದ್ದರು.

ಸೆಪ್ಟೆಂಬರ್‌ನಲ್ಲಿ ಪರಿಶೀಲನೆಗೆ ಬಂದ ಪುಟಗಳಲ್ಲಿ ಒಂದರ ನಿಚ್ "ಭಾರತೀಯ ಗೃಹಿಣಿ". ಚಿತ್ರಗಳೆಲ್ಲ ನಮ್ಮ ಕಂಪನಿಯೇ ಹೊಸಬರಿಗೆ ಪುಕ್ಕಟೆ ಹಂಚುತ್ತಿದ್ದಂಥವು. ಅವುಗಳ ಗುರುತಿನ ದಾಖಲೆಗಳನ್ನು ಮಾತ್ರ ಕಂಪನಿ ಹಂಚಿರಲಿಲ್ಲ. ಪುಟದ ತಳದಲ್ಲಿ ದಾಖಲೆಪಾಲಕರ ಹೆಸರು ಇಂದುಮತಿ, ವಿಳಾಸ ಲಾಸ್ ಏಂಜಲಿಸ್ ಬಂದರಿನ ಬಳಿಯ ಸ್ಯಾನ್ ಪೀಡ್ರೊದ್ದು. ಅದನ್ನು ಓದಿ ನಾನು ಕುರ್ಚಿ ಹಿಂದೆ ತಳ್ಳಿದೆ. ಅಮೆರಿಕದಲ್ಲಿ ನನಗೆ ಸಿಕ್ಕ ಮೊದಲ ಡ್ರೈವಿಂಗ್ ಲೈಸೆನ್ಸಿನ ಮೇಲೆ ಇದ್ದದ್ದು ಅದೇ ವಿಳಾಸ.

ಇಂದುಮತಿ ಆಂಟಿ ಬಾಗಲಕೋಟೆಯ ಕಡೆಯವರು. ಗಂಡ ಬಂದರಿನ ಆಡಳಿತ ಕಚೇರಿಯಲ್ಲಿದ್ದರು, ತೀರಿಕೊಂಡಿದ್ದರು. ಹೊಸದಾಗಿ ಬಂದ ಕನ್ನಡಿಗರಿಗೆ ಆ ಮನೆ ಒಂದು ಪದ್ಧತಿಯೇ ಆಗಿತ್ತು. ವಿಳಾಸವಿಲ್ಲದೆ ಬ್ಯಾಂಕ್ ಖಾತೆ ಇಲ್ಲ, ಖಾತೆ ಇಲ್ಲದೆ ಬಾಡಿಗೆ ಮನೆ ಇಲ್ಲ, ಮನೆ ಇಲ್ಲದೆ ವಿಳಾಸವಿಲ್ಲ. ಈ ಸುತ್ತನ್ನು ಮುರಿಯುತ್ತಿದ್ದದ್ದು "ಕೇರ್ ಆಫ್ ಇಂದುಮತಿ ಆಂಟಿ". ನಮ್ಮ ಪತ್ರಗಳನ್ನು ಅವರು ಅಡುಗೆಮನೆ ಕಿಟಕಿಯ ಬುಟ್ಟಿಯಲ್ಲಿ ಇಡುತ್ತಿದ್ದರು. ಒಯ್ಯಲು ಹೋದವರಿಗೆ ರೊಟ್ಟಿ ಕಡ್ಡಾಯ. ಅದೇ ಮನೆಯಲ್ಲಿ ಅವರು ರಾಜ್ಯದ ಲೈಸೆನ್ಸ್ ಪಡೆದು ಡೇ ಕೇರ್ ನಡೆಸುತ್ತಿದ್ದರು. ನೆರೆಹೊರೆಯ ಎಂಟು ಮಕ್ಕಳು ಹಗಲೆಲ್ಲ ಅಲ್ಲಿರುತ್ತಿದ್ದರು.

ಫೋನ್ ಮಾಡಿದೆ.

"ಉಮಾ, ನೀನಾಗೇ ಫೋನ್ ಮಾಡಿದಿ, ಛಲೋ ಆತು. ಮೂರು ಮಂದಿ ತಮ್ಮ ಮಕ್ಕಳನ್ನ ಬಿಡಿಸಿಕೊಂಡು ಹೋದ್ರು ನೋಡವಾ. ಕಾರಣಾ ಕೇಳಿದ್ರ ಮಾರಿ ಎತ್ತಿ ಮಾತಾಡವಲ್ರು."

ಆ ಸಂಜೆಯೇ ಹೋದೆ. ಅಷ್ಟರಲ್ಲಿ ಕಾರಣ ಅವರಿಗೂ ತಿಳಿದಿತ್ತು. ಮಗುವೊಂದರ ತಾಯಿ ಯಾರಿಗೋ ದಾರಿ ಹೇಳಲೆಂದು ಮನೆಯ ವಿಳಾಸವನ್ನು ಕಂಪ್ಯೂಟರಿನಲ್ಲಿ ಹುಡುಕಿದ್ದಳು. ಮೊದಲು ಬಂದದ್ದು ಆ ಪುಟ. ಆಕೆ ಡೇ ಕೇರ್ ಲೈಸೆನ್ಸ್ ಕೊಡುವ ಕಚೇರಿಗೆ ದೂರು ಕೊಟ್ಟಿದ್ದಳು. ಆಕೆಯ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಗುರುವಾರ ಆ ಕಚೇರಿಯ ಇನ್‌ಸ್ಪೆಕ್ಟರ್ ಬರುವವರಿದ್ದರು.

ನಾನು ಪುಟದ ಕೊನೆಯ ಎರಡು ಸಾಲುಗಳನ್ನಷ್ಟೇ ಪ್ರಿಂಟ್ ಮಾಡಿ ಒಯ್ದಿದ್ದೆ. ಆಂಟಿ ಕನ್ನಡಕ ಹಾಕಿಕೊಂಡು ಓದಿದರು.

"ಇದು ನಿನಗ ಹೆಂಗ ಸಿಕ್ತು?"

"ನಮ್ಮ ಕಂಪನಿಗೆ ಸೇರಿದ್ದರಿ ಇದು. ನಾ ಅಲ್ಲಿ ಕಾನೂನು ನೋಡತೀನಿ."

"ನೀ ನೋಡೂದಿದ್ರ ಇದು ನನ್ನ ಮನೀಗೆ ಯಾಕ ಬಂತು?"

ಗೋಡೆಯ ಬದಿಗೆ ಸಾಲಾಗಿದ್ದ, ಮಕ್ಕಳ ಪುಟ್ಟ ಮೆಟ್ಟು ಇಡುವ ಗೂಡುಗಳಲ್ಲಿ ಮೂರು ಖಾಲಿ ಇದ್ದವು.

ಮರುದಿನ ಪುಟವನ್ನು ತಿರಸ್ಕರಿಸಿ ಖಾತೆ ನಿಲ್ಲಿಸಲು ಬರೆದೆ. ಮಧ್ಯಾಹ್ನದೊಳಗೆ ಕರ್ಟ್ ನನ್ನ ಆದೇಶವನ್ನು ರದ್ದು ಮಾಡಿದ. ಅವನ ಕೋಣೆಗೆ ಹೋದೆ.

"ಹೆಸರಿದೆ, ಬೀದಿ ಇದೆ, ಮನೆ ನಂಬರ್ ಇದೆ. ನಿಯಮ ಕೇಳುವುದು ಇಷ್ಟೇ," ಎಂದ.

"ಆ ಮನೆಯಲ್ಲಿ ದಾಖಲೆ ಇಲ್ಲ. ಅಲ್ಲಿ ಡೇ ಕೇರ್ ಇದೆ."

"ನಿನ್ನ ಕೆಲಸ ಪುಟ ನೋಡುವುದು ಉಮಾ, ಮನೆ ನೋಡುವುದಲ್ಲ."

ಆಂಟಿಗೂ ಈ ಪುಟಕ್ಕೂ ಸಂಬಂಧವಿಲ್ಲವೆಂದು ಕಂಪನಿಯಿಂದ ಒಂದು ಪತ್ರ ಕೊಡಿ ಎಂದೆ. ಕಂಪನಿಯ ವಕೀಲರು ಆಗದು ಎಂದರು. ಹಾಗೆ ಬರೆದರೆ ಸುಳ್ಳು ವಿಳಾಸಕ್ಕೆ ನಾವೇ ಜಾಗ ಕೊಟ್ಟೆವೆಂದು ಒಪ್ಪಿದಂತಾಗುತ್ತದಂತೆ. ತರಗತಿಯಲ್ಲಿ ಅದನ್ನು ಕಲಿಸಿದ್ದೇ ಈ ಕಂಪನಿ. ಕೋರ್ಟಿನಲ್ಲಿ ಕೂತು ಬಹಳ ಜನ ಸುಳ್ಳು ಹೇಳುವುದನ್ನು ಕೇಳಿದ್ದೇನೆ. ಇಷ್ಟು ಅಚ್ಚುಕಟ್ಟಾಗಿ, ಹವಾನಿಯಂತ್ರಿತ ಕೋಣೆಯಲ್ಲಿ, ಕಾಫಿ ಕುಡಿಯುತ್ತ ಮತ್ತೊಬ್ಬರ ಅನ್ನಕ್ಕೆ ಕಲ್ಲು ಹಾಕುವುದನ್ನು ನೋಡಿರಲಿಲ್ಲ.

ಖಾತೆಯ ಮಾಲೀಕ ನವೀನ. ಬೆಂಗಳೂರಿನವನು, ಟೆಲಿಕಾಂ ಎಂಜಿನಿಯರ್, ಸ್ಯಾನ್ ಡಿಯೆಗೊದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಮನೆ. ಅವನೂ ಒಂದು ಕಾಲದಲ್ಲಿ ಕೇರ್ ಆಫ್ ಆಂಟಿ ಆಗಿದ್ದವನೇ. ಬುಧವಾರ ರಜೆ ಹಾಕಿ ಡ್ರೈವ್ ಮಾಡಿಕೊಂಡು ಹೋದೆ. ಹೆಂಡತಿ ರಶ್ಮಿ ಬಾಗಿಲು ತೆರೆದು ಕಾಫಿಗೆ ಇಟ್ಟಳು. ಗಂಡ ಬಿಡುವಿನಲ್ಲಿ ವೆಬ್ ಡಿಸೈನ್ ಮಾಡುತ್ತಾನೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ನಾನು ವಿಷಯ ತೆಗೆದ ಕೂಡಲೇ ನವೀನ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ.

"ಮೇಡಂ, ಆಂಟಿ ಅಡ್ರೆಸ್ ನಾವೆಲ್ಲ ಯೂಸ್ ಮಾಡಿದೀವಲ್ಲ. ನೀವೂ ಮಾಡಿದೀರ. ಕ್ಲಾಸಲ್ಲಿ ಫ್ರೆಂಡ್ ಅಡ್ರೆಸ್ ಹಾಕಿ ಅಂದ್ರು, ನಂಗೆ ಫಸ್ಟ್ ನೆನಪಾಗಿದ್ದೇ ಅದು."

"ಅದು ಎಂಟು ಮಕ್ಕಳ ಡೇ ಕೇರ್. ಅವರನ್ನ ಒಂದು ಮಾತು ಕೇಳಿದ್ರಾ?"

"ಯಾವತ್ತು ಕೇಳಿದೀವಿ? ಲೈಸೆನ್ಸಿಗೆ ಕೇಳಿದ್ವಾ? ಬ್ಯಾಂಕಿಗೆ ಕೇಳಿದ್ವಾ? ಈಗೇನು, ತೆಗೆದುಬಿಡ್ತೀನಿ. ಎರಡು ನಿಮಿಷದ ಕೆಲಸ."

"ತೆಗೆದ್ರೆ ಸಾಲದು. ಪತ್ರಿಕೇಲಿ ತಪ್ಪು ಅಚ್ಚಾದ್ರೆ ಮರುದಿನ ಆ ಸುದ್ದಿ ಇರಲ್ಲ, ಆದ್ರೂ ತಿದ್ದುಪಡಿ ಹಾಕ್ತೀವಿ. ನಾಳೆ ಇನ್‌ಸ್ಪೆಕ್ಟರ್ ಮುಂದೆ ಬಂದು ಹಾಕಿದ್ದು ನಾನು ಅಂತ ಹೇಳಿ."

"ಸಾಧ್ಯಾನೇ ಇಲ್ಲ. ನಾನು ವರ್ಕ್ ವೀಸಾದಲ್ಲಿದೀನಿ. ಸೈಡ್ ಇನ್‌ಕಮ್ ಇದೆ ಅಂತ ಗೊತ್ತಾದ್ರೆ ಗಂಟುಮೂಟೆ ಕಟ್ಟಬೇಕಾಗತ್ತೆ."

ಅವನ ಭಯ ನಿಜವಾದದ್ದೇ. ಅದನ್ನು ಇಲ್ಲಿ ದಾಖಲಿಸುವುದು ನ್ಯಾಯ. ಆದರೆ ಆ ಭಯದ ಭಾರವನ್ನು ಅವನು ಅರವತ್ತು ದಾಟಿದ ಹೆಂಗಸಿನ ಹೊಸ್ತಿಲ ಮೇಲೆ ಇಳಿಸಿದ್ದ.

ರಶ್ಮಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಅವರ ಮನೆ ಅಡ್ರೆಸ್ ಹಾಕೋಕೆ ಆಯ್ತು, ನಮ್ಮನೇದು ಯಾಕೆ ಆಗಲಿಲ್ಲ?"

"ಏನ್ ಮಾತಾಡ್ತಿದೀಯ ರಶ್ಮಿ? ನಮ್ಮನೇಲಿ ಮಗು ಇದೆ."

"ಅವರ ಮನೇಲಿ ಎಂಟಿದಾವೆ."

ಅವಳು ಲೋಟವನ್ನು ನನ್ನ ಮುಂದೆ ಇಟ್ಟಳು. ಗಂಡನಿಗೆ ತಂದಿದ್ದನ್ನು ವಾಪಸ್ ಒಳಗೆ ಒಯ್ದಳು.

ಗುರುವಾರ ಬೆಳಿಗ್ಗೆ ಸ್ಯಾನ್ ಪೀಡ್ರೊದ ಆ ಮನೆಯಲ್ಲಿ ಇನ್‌ಸ್ಪೆಕ್ಟರ್, ದೂರು ಕೊಟ್ಟ ತಾಯಿ, ಇನ್ನಿಬ್ಬರು ಪೋಷಕರು ಇದ್ದರು. ನಾನು ನನ್ನ ಹೆಸರು, ಹುದ್ದೆ, ಕಂಪನಿಯ ಹೆಸರು ಹೇಳಿ, ಪುಟ ಹೇಗೆ ಬಂತು, ಯಾರು ತಡೆಯಲಿಲ್ಲ ಎಂದು ವಿವರಿಸಿದೆ. ಇನ್‌ಸ್ಪೆಕ್ಟರ್ ಬರೆದುಕೊಂಡರು, ಆದರೆ ವಿಳಾಸ ಹಾಕಿದವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯಿತು. ನನ್ನ ಬಳಿ ಅವನ ಹೆಸರಿತ್ತು. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಕಾರು ನಿಂತಿತು. ಡ್ರೈವ್ ಮಾಡಿಕೊಂಡು ಬಂದದ್ದು ರಶ್ಮಿ. ನವೀನ ಕಾರಿನಿಂದ ಇಳಿಯಲು ತುಸು ತಡಮಾಡಿದ. ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ಇಂಗ್ಲಿಷಿನಲ್ಲಿ ಹೇಳಿದ: ಈ ಪುಟ ನನ್ನದು, ಇವರ ಹೆಸರು ಮತ್ತು ವಿಳಾಸ ಹಾಕಿದ್ದು ನಾನು, ಇವರಿಗೆ ಇದು ಗೊತ್ತೇ ಇರಲಿಲ್ಲ.

ಆಂಟಿ ಅವನನ್ನೇ ನೋಡುತ್ತಿದ್ದರು. "ಎರಡು ತಿಂಗಳು ಇದೇ ಮನ್ಯಾಗ ಉಂಡಿ. ಒಂದ್ ಮಾತು ಕೇಳಬಾರದಾಗಿತ್ತೇನೋ?" ಎಂದರು. ನವೀನ ಬಾಗಿ ಅವರ ಕಾಲು ಮುಟ್ಟಲು ಹೋದ. ಅವರು ಕಾಲು ಹಿಂದೆ ಎಳೆದುಕೊಂಡರು.

ಲೈಸೆನ್ಸ್ ಉಳಿಯಿತು. ಹೋದ ಮೂವರು ಮಕ್ಕಳಲ್ಲಿ ಒಬ್ಬಳು ಮಾತ್ರ ಮರಳಿ ಬಂದಳು, ದೂರು ಕೊಟ್ಟ ತಾಯಿಯ ಮಗಳು. ನವೀನನ ವೀಸಾಕ್ಕೆ ಏನೂ ಆಗಲಿಲ್ಲ. ಇನ್‌ಸ್ಪೆಕ್ಟರ್‌ಗೆ ಅದು ಬೇಕಿರಲಿಲ್ಲ. ನನ್ನ ಕೆಲಸ ಹೋಯಿತು. ಕಂಪನಿಯ ಒಳಮಾತನ್ನು ಹೊರಗೆ ಹೇಳಿದ್ದು ಕಾರಣ ಎಂದರು. ನಂತರದ ತರಗತಿಯಲ್ಲಿ ಕರ್ಟ್ ಹೊಸ ಪಾಠ ಸೇರಿಸಿದ ಎಂದು ಹಳೆಯ ಸಹೋದ್ಯೋಗಿಯೊಬ್ಬರು ತಿಳಿಸಿದರು: ಸ್ನೇಹಿತರ ವಿಳಾಸ ಬೇಡ, ತಿಂಗಳ ಶುಲ್ಕ ಕೊಟ್ಟರೆ ಕಂಪನಿಯೇ ಒಂದು ಆಫೀಸಿನ ವಿಳಾಸ ಬಾಡಿಗೆಗೆ ಕೊಡುತ್ತದೆ. ದಾಖಲೆಗಳ ಮಾತು ಆಗಲೂ ಇರಲಿಲ್ಲ. ಆಂಟಿಯ ಮನೆಗೆ ಹತ್ತಿದ ಬೆಂಕಿಯಲ್ಲೂ ಅವರು ಚಳಿ ಕಾಯಿಸಿಕೊಂಡರು.

ಆ ಉದ್ಯಮಕ್ಕೆ ಹೊಸದಾಗಿ ಇಳಿಯುವವರು ಈಗಲೂ ನನ್ನನ್ನು ಕೇಳುವುದುಂಟು, ಯಾವ ನಿಚ್ ಒಳ್ಳೆಯದು ಎಂದು. ಯಾವ ಚಿತ್ರದ ದಾಖಲೆ ನಿಮ್ಮ ಕೈಯಲ್ಲಿದೆಯೋ, ಯಾವುದರ ಕೆಳಗೆ ನಿಮ್ಮದೇ ಹೆಸರು ಬರೆಯಬಲ್ಲಿರೋ, ಅಷ್ಟೇ ನಿಮ್ಮ ನಿಚ್ ಎನ್ನುತ್ತೇನೆ. ಹೆಚ್ಚಿನವರು ಮತ್ತೆ ಫೋನ್ ಮಾಡುವುದಿಲ್ಲ. ಪುಟದಲ್ಲಿ ವಿಳಾಸ ಇದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಆ ಬಾಗಿಲು ತಟ್ಟಿದರೆ ತೆರೆಯುವವರು ಯಾರು ಎಂದು ಕೇಳುವುದಕ್ಕೆ ನನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕಿತ್ತು.

2007ರಲ್ಲಿ ಬೀದರಿನಿಂದ ಬಂದ ಹೊಸ ದಂಪತಿಯನ್ನು ವಿಮಾನ ನಿಲ್ದಾಣದಿಂದ ನೇರವಾಗಿ ಆಂಟಿಯ ಮನೆಗೆ ಕರೆದೊಯ್ದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಹಾಸಿಗೆ, ಹೊದಿಕೆ ಎಲ್ಲವೂ ಸಿದ್ಧವಿತ್ತು. ಉಂಡಾದ ಮೇಲೆ ಆ ಹುಡುಗ ಫಾರಂ ತೆಗೆದು, "ಆಂಟಿ, ಸದ್ಯಕ್ಕೆ ನಿಮ್ಮ ಅಡ್ರೆಸ್..." ಎಂದ.

ಆಂಟಿ ಅವನ ತಟ್ಟೆ ಎತ್ತಿಕೊಂಡರು.

"ಎಷ್ಟು ದಿನಾ ಬೇಕಾದ್ರೂ ಇರಪ್ಪಾ. ಊಟಾ ಮಾಡ್ರಿ, ಮಲಕೊಳ್ರಿ. ಅದೊಂದು ಮಾತ್ರ ಕೇಳಬ್ಯಾಡ."

ಪತ್ರಗಳಿರುತ್ತಿದ್ದ ಕಿಟಕಿಯ ಬುಟ್ಟಿಯಲ್ಲಿ ಈರುಳ್ಳಿ ಇದ್ದವು.