ಡೊಂಬಿವಲಿಯವರು ಇಳಿದ ಸ್ಟೇಷನ್

ರೈಲು ಪೂರ್ತಿ ನಿಲ್ಲುವ ಮೊದಲೇ ಇಳಿಯುವುದು ಡೊಂಬಿವಲಿಯವರ ಜನ್ಮಸಿದ್ಧ ಹಕ್ಕು. ಮೊನ್ನೆ ನಾವು ಆ ಹಕ್ಕನ್ನು ವಿಜಯಪುರ ಜಿಲ್ಲೆಯ ಬಟಾಬಯಲಿನಲ್ಲಿ ಚಲಾಯಿಸಿದೆವು. ಪರಿಣಾಮ? ನಾವು ಇಳಿದ ಸ್ಟೇಷನ್ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು.

ಮೊದಲಿನಿಂದ ಹೇಳುತ್ತೇನೆ. ನನ್ನ ಅಣ್ಣ ಬಸವರಾಜನ ಮನೆ ಮುಂಬೈ ಹೊರವಲಯದ ಡೊಂಬಿವಲಿ, ನೌಕರಿ ನವಿ ಮುಂಬೈಯ ಮಹಾಪೆ, ದಿನಾ ಲೋಕಲ್ ಗಾಡಿಯ ಓಡಾಟ. (ನಾನು ಠಾಣೆಯ ಕೋಪರಿಯವಳು, ಸ್ಟೇಷನ್ ಪಕ್ಕದಲ್ಲೇ ಮನೆ ಎಂದು ಈ ಅಂಕಣದಲ್ಲಿ ಹಲವು ಸಲ ಜಂಬ ಕೊಚ್ಚಿಕೊಂಡಿದ್ದೇನೆ. ನೀವು ಸಹಿಸಿಕೊಂಡಿದ್ದೀರಿ.) ಅವನ ಮಗಳು ಪಲ್ಲವಿ ನೆರೂಳದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಮುರಿದ ಕಾಲು, ಹಿಡಿದುಕೊಂಡ ಸೊಂಟಗಳನ್ನು ದಾರಿಗೆ ತರುವುದು ಅವಳ ಕೆಲಸ. ಅವಳಿಗೊಂದು ಸಂಬಂಧ ಬಂತು. ಹುಡುಗನ ಹೆಸರು ಶಿವಾನಂದ, ಸ್ಟೇಷನ್ ಮಾಸ್ಟರ್.

ಎಲ್ಲಿ? ಹೋಟಗಿಯಲ್ಲಿ ಕವಲೊಡೆದು ವಿಜಯಪುರದ ಕಡೆ ಹೋಗುವ ಲೈನಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ. (ಹೆಸರು ಬೇಡ. ಹುಡುಗನ ನೌಕರಿಯ ಪ್ರಶ್ನೆ.)

ನಮ್ಮ ಕಡೆ ಸಂಬಂಧದ ಮಾತು ಬಂದರೆ ಜಾತಕಕ್ಕಿಂತ ಮೊದಲು ಒಂದು ಪ್ರಶ್ನೆ ಏಳುತ್ತದೆ: ಮನೆ ಸ್ಟೇಷನ್‌ನಿಂದ ಎಷ್ಟು ದೂರ? ಅಣ್ಣನಿಗೆ ಖುಷಿಯೋ ಖುಷಿ. "ದೂರ ಎಲ್ಲಿಂದ ಬಂತು ತಂಗಿ? ಕ್ವಾರ್ಟರ್ಸು ಸ್ಟೇಷನ್‌ದಾಗss ಅದ" ಎಂದ.

ಪಲ್ಲವಿಗೆ ಖುಷಿಯಿಲ್ಲ. ನನ್ನ ಹತ್ತಿರ ಬಂದು ಕೂತಳು. "ಆತ್ಯಾ, ಮೈ ನಹೀ ಜಾನೇವಾಲೀ. ಅಲ್ಲಿ ಹೋಗಿ ಏನ್ ಮಾಡ್ಲಿ? ಜಾಬ್ ಬಿಟ್ಟು ಗೂಡ್ಸ್ ಗಾಡಿ ನೋಡ್ತಾ ಕೂಡ್ಲಾ?"

ನ್ಯಾಯವಾದ ಪ್ರಶ್ನೆ. ಕಷ್ಟಪಟ್ಟು ಓದಿ ಸಂಪಾದಿಸಿದ ಕೆಲಸ ಅದು. ಮದುವೆಯ ಹೆಸರಿನಲ್ಲಿ ಅದನ್ನು ಗಂಟು ಕಟ್ಟಿ ಅಟ್ಟಕ್ಕೆ ಎಸೆಯಬೇಕೇ? ಎಸೆಯಬೇಡ ಎಂದೇ ನಾನೂ ಹೇಳಿದೆ. ಫೋನಿನಲ್ಲಿ ಒಲ್ಲೆ ಅನ್ನುವುದು ಸರಿಯಲ್ಲ, ತಾನೇ ಬಂದು ಹುಡುಗನ ಎದುರಿಗೆ ಹೇಳುತ್ತೇನೆ ಎಂದಳು. ಹೀಗೆ ಹುಡುಗನ ಮನೆ ನೋಡುವ ದಂಡಿನಲ್ಲಿ ಹುಡುಗಿಯೂ ಸೇರಿದಳು. ಅಣ್ಣ, ಅವನ ಹೆಂಡತಿ ಅಂದರೆ ನನ್ನ ವೈನಿ, ಪಲ್ಲವಿ, ನಾನು.

ಕಲ್ಯಾಣದಲ್ಲಿ ಹತ್ತಿದೆವು. ಬೆಳಿಗ್ಗೆ ಸೊಲ್ಲಾಪುರದಲ್ಲಿ ಪ್ಯಾಸೆಂಜರ್ ಗಾಡಿಗೆ ಬದಲಾದೆವು. ಗಾಡಿ ಪ್ಲಾಟ್‌ಫಾರ್ಮಿಗೆ ಬರುತ್ತಿದ್ದಂತೆ ಅಣ್ಣ ಓಡಿ ಹಾರಿ ಒಳಹೊಕ್ಕು ಒಂದು ಬೆಂಚಿನ ಮೇಲೆ ಕರ್ಚೀಫು ಹಾಸಿದ. ಮೂವರ ಬೆಂಚು. ನಾವು ನಾಲ್ವರೂ ಲೋಕಲ್‌ನ ಪದ್ಧತಿಯಂತೆ ಅದರಲ್ಲೇ ಒತ್ತಿಕೊಂಡು ಕೂತೆವು. ನಾಲ್ಕನೆಯವಳಾದ ನನಗೆ ಅರ್ಧ ಸೀಟು ಸಿಕ್ಕಿತು, ಅರ್ಧ ಗಾಳಿಯಲ್ಲಿ.

ಎದುರಿಗೆ ಬದನೆಕಾಯಿ ಬುಟ್ಟಿ ಇಟ್ಟುಕೊಂಡ ಹೆಂಗಸೊಬ್ಬಳು ನಮ್ಮನ್ನೇ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ, "ಯಾಕ್ರೆವ್ವಾ, ಥಂಡಿ ಹತ್ತೇದೇನು?" ಎಂದಳು. ಆಗ ತಲೆಯೆತ್ತಿ ನೋಡಿದೆವು. ಡಬ್ಬಿಯೆಲ್ಲ ಖಾಲಿಯಿತ್ತು.

ಈ ಲೈನು ನಮಗೆ ಹೊಸದಲ್ಲ. ನಾವು ಸಣ್ಣವರಿದ್ದಾಗ ಊರಿಗೆ ಹೋಗಲು ಇಲ್ಲಿ ಮೀಟರ್ ಗೇಜ್ ಗಾಡಿ ಇತ್ತು. ಮುಂಬೈಯಿಂದ ಬಂದ ದೊಡ್ಡ ಗಾಡಿ ಇಳಿದು, ಟ್ರಂಕು ಹೊತ್ತು, ಸಣ್ಣ ಗಾಡಿ ಹತ್ತಬೇಕು. ಏರು ಬಂದರೆ ಅದು ಏದುಸಿರು ಬಿಡುತ್ತ ಹತ್ತುತ್ತಿತ್ತು. ಅಣ್ಣ ಕೆಳಗೆ ಹಾರಿ, ಜೊತೆಗೆ ಓಡಿ, ಮತ್ತೆ ಹತ್ತುತ್ತಿದ್ದ. ಅವ್ವ ಕಿಟಕಿಯಿಂದ ಬೈಯುತ್ತಿದ್ದಳು. ನಡೆಯುವ ಗಾಡಿಯಿಂದ ಇಳಿಯುವ ವಿದ್ಯೆ ಅವನಿಗೆ ಸಿಕ್ಕಿದ್ದು ಇಲ್ಲಿ. ಡೊಂಬಿವಲಿ ಅದಕ್ಕೆ ಡಿಗ್ರಿ ಕೊಟ್ಟಿತು ಅಷ್ಟೇ.

ಈಗ ಬ್ರಾಡ್ ಗೇಜ್. ಮೇಲೆ ಕರೆಂಟಿನ ತಂತಿ, ಪಕ್ಕದಲ್ಲಿ ಇನ್ನೊಂದು ಹಳಿ. ಗಾಡಿ ಏದುಸಿರು ಬಿಡುವುದನ್ನು ಮರೆತಿದೆ. ಅಣ್ಣ ಮಾತ್ರ ಏನನ್ನೂ ಮರೆತಿರಲಿಲ್ಲ.

ನಮ್ಮ ಸ್ಟೇಷನ್‌ಗಿಂತ ಒಂದು ಸ್ಟೇಷನ್ ಮೊದಲೇ ಎದ್ದು ಬಾಗಿಲಿಗೆ ಬಂದು ನಿಂತೆವು. (ನೀವಾದರೂ ಏನು ಮಾಡುತ್ತಿದ್ದಿರಿ?) ಗಾಡಿ ನಿಧಾನವಾಯಿತು. ಬೇವಿನ ಮರ, ಕಲ್ಲಿನ ಕಟ್ಟೆ, ಒಂದು ಕಟ್ಟಡ ಕಂಡವು. "ಬಂತು, ನಡೀರಿ" ಎಂದು ಅಣ್ಣ ಹಾರಿಯೇ ಬಿಟ್ಟ. ಗಾಡಿ ನಿಂತಿತು. ಹಿಂದಿನವರು ನೂಕಿಬಿಟ್ಟಾರು ಎಂಬ ಭಯದಲ್ಲಿ ನಾವು ಮೂವರೂ ದಡದಡ ಇಳಿದೆವು. ಹಿಂದೆ ಇದ್ದವಳು ಬದನೆಕಾಯಿಯವಳು ಒಬ್ಬಳೇ. "ಯವ್ವಾ, ಇದಲ್ಲರೀ..." ಎಂದು ಅವಳು ಕೂಗುವಷ್ಟರಲ್ಲಿ ಹಾರ್ನ್ ಆಯಿತು, ಗಾಡಿ ಹೊರಟಿತು. ಹಣ್ಣು, ಸೀರೆ, ತೆಂಗಿನಕಾಯಿ ತುಂಬಿದ ನಮ್ಮ ಚೀಲವೂ ಅದರಲ್ಲೇ ಹೋಯಿತು.

ಸಿಗ್ನಲ್‌ಗಾಗಿ ನಿಂತ ಗಾಡಿಯಿಂದ ಇಳಿದಿದ್ದೆವು.

ಕಟ್ಟಡಕ್ಕೆ ಚಾವಣಿ ಇರಲಿಲ್ಲ. ಟಿಕೆಟ್ ಕೊಡುವ ಕಿಂಡಿ ಮಾತ್ರ ಗಟ್ಟಿಯಾಗಿತ್ತು. ಅಣ್ಣ ಅದರ ಮೇಲೆ ಕೈಯಿಟ್ಟ. "ಇದು ಹಳೇ ಸ್ಟೇಷನ್ನು. ಅಪ್ಪ ಇಲ್ಲೇ ಶೇಂಗಾ ಕೊಡಿಸ್ತಿದ್ದ, ನೆನಪದ?" ನೆನಪಿತ್ತು. ಕಿಂಡಿಯೊಳಗೆ ನಾನೂ ಒಮ್ಮೆ ಇಣುಕಿದೆ, ಸುಳ್ಳು ಯಾಕೆ ಹೇಳಲಿ?

ಆದರೆ ನಾನು ಹಳೆಯದನ್ನು ನೆನೆದು ಅಳುತ್ತ ಕೂರುವ ಪೈಕಿ ಅಲ್ಲ. ಲೈನು ಎಲ್ಲೂ ಹೋಗಿಲ್ಲ. ನಮ್ಮ ಲೋಕಲ್‌ನಲ್ಲಿ "ಥೋಡಾ ಸರ್ಕೋ" ಎಂದರೆ ಜನ ಸರಿಯುವಂತೆ ಚೂರು ಪಕ್ಕಕ್ಕೆ ಸರಿದಿದೆ. ಬ್ರಾಡ್ ಗೇಜ್ ಆದಾಗ ತಿರುವು ತೆಗೆದು ಹಳಿಯನ್ನು ನೇರ ಮಾಡಿದರು, ಸ್ಟೇಷನ್ನನ್ನು ರಸ್ತೆಯ ಹತ್ತಿರ ಒಯ್ದರು. ಹಳೆಯ ಏರಿ ಈಗ ಊರಿನವರ ದಾರಿ. ಹಳಿ ಇದ್ದಲ್ಲಿ ಮೋಟರ್‌ಬೈಕು, ಮೇಕೆ, ಸೈಕಲ್ ಮೇಲೆ ಶಾಲೆಗೆ ಹೋಗುವ ಹುಡುಗಿಯರು. ನಾವೂ ಅದರ ಮೇಲೆ ನಡೆಯತೊಡಗಿದೆವು.

ಕರಿಕಲ್ಲಿನ ಸೇತುವೆಯ ಹತ್ತಿರ ಪಲ್ಲವಿ ನಿಂತಳು. "ಪಪ್ಪಾ, ಕಾಲ್ ತೋರಿಸು." ಅಣ್ಣ ಕುಂಟುತ್ತಿದ್ದುದು ಅವಳಿಗೆ ಮಾತ್ರ ಕಂಡಿತ್ತು. ಹಾರಿದಾಗ ಕಣಕಾಲು ಉಳುಕಿತ್ತು. ನೆಲಕ್ಕೆ ಕೂತು, ತನ್ನ ಓಢಣಿಯನ್ನು ಬಿಗಿಯಾಗಿ ಸುತ್ತಿ ಕಟ್ಟಿದಳು. ಕಟ್ಟುತ್ತ ಮರಾಠಿಯಲ್ಲಿ ಬೈದಳು. ದಿನಾ ಠಾಣೆಯಲ್ಲಿ ಗಾಡಿ ಬದಲಿಸುವಾಗ ಹೀಗೇ ಹಾರುತ್ತಾನೆ, ಹೀಗೆ ಹಾರಿದವರೇ ತನ್ನ ಆಸ್ಪತ್ರೆಯ ಬೆಂಚಿನಲ್ಲಿ ಸಾಲಾಗಿ ಕೂತಿರುತ್ತಾರೆ ಎಂದಳು. ಬೈಯುತ್ತಿದ್ದವಳ ಕಣ್ಣಲ್ಲಿ ನೀರಿತ್ತು.

ಹೊಸ ಸ್ಟೇಷನ್ ಮುಟ್ಟಿದಾಗ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಯುವಕ ಕೈಯಲ್ಲಿ ಬಾವುಟ ಹಿಡಿದು ನಿಂತಿದ್ದ. ಅವನ ಹಿಂದಿನ ಬೆಂಚಿನ ಮೇಲೆ ನಮ್ಮ ಚೀಲ. ಬದನೆಕಾಯಿಯವಳು ಇಳಿಸಿ, ಸುದ್ದಿಯನ್ನೂ ಮುಟ್ಟಿಸಿದ್ದಳು.

ಶಿವಾನಂದನೇ. ಅವನು ನಮಸ್ಕಾರ ಮಾಡಲಿಲ್ಲ.

"ಏನ್ರೀ ಕಾಕಾರ, ಗಾಡಿ ಪೂರಾ ನಿಂದ್ರೂದರಾಗ ಹಾರ್ತೀರಿ? ಮಂದಿ ಹಳಿ ಮ್ಯಾಲ ಬರಾಕತ್ತಿರಬೇಕಂತ ಆ ಕಡೆ ಗೂಡ್ಸ್ ತಡದು ನಿಂದರಿಸೀನಿ. ಈ ವಯಸ್ಸಿನಾಗ ಕಾಲ್ ಮುರಕೊಂಡ್ರ ಮನ್ಯಾಗಿನವರ ಗತಿ ಏನು?"

ವೈನಿಯ ಮುಖ ಇಳಿದುಹೋಯಿತು. ಅಣ್ಣನ ಮುಖ ಕೆಂಪಾಯಿತು. ಹೆಣ್ಣಿನ ತಂದೆಯನ್ನು ಹೀಗೆ ತರಾಟೆಗೆ ತೆಗೆದುಕೊಂಡ ಗಂಡನ್ನು ನಾನಂತೂ ಕಂಡಿರಲಿಲ್ಲ. ಸಂಬಂಧ ಮುರಿಯಿತು, ಹುಡುಗಿಗೆ ಒಲ್ಲೆ ಅನ್ನುವ ತ್ರಾಸೂ ತಪ್ಪಿತು ಎಂದುಕೊಂಡೆ.

ಆಗ ಪಲ್ಲವಿ ನಕ್ಕಳು. ಸಣ್ಣ ನಗುವಲ್ಲ, ಸೇತುವೆಯಿಂದ ತಡೆದುಕೊಂಡು ಬಂದದ್ದೆಲ್ಲ ಹೊರಬಿದ್ದ ನಗು. "ಎಕ್ಸಾಕ್ಟ್ಲೀ. ದಿನಾ ಹೇಳ್ತೀನಿ ಇವರಿಗೆ. ನನ್ನ ಮಾತು ಯಾರು ಕೇಳ್ತಾರೆ?"

ಹುಡುಗನಿಗೆ ತಾನು ಯಾರನ್ನು ಬೈದೆ ಎಂಬುದು ಆಗ ತಲೆಗೆ ಹೋಯಿತು. ಕಿವಿ ಕೆಂಪಾದವು. ಆದರೂ ಕೂರಲಿಲ್ಲ. ತಡೆದಿದ್ದ ಗೂಡ್ಸನ್ನು ಬಿಡಿಸಿ, ಅದರ ಕೊನೆಯ ಡಬ್ಬಿ ದಾಟಿಹೋಗುವ ತನಕ ಹಸಿರು ಬಾವುಟ ಹಿಡಿದು ನಿಂತ. ಆಮೇಲೆ ಬಂದು ಅಣ್ಣನ ಕಾಲು ಮುಟ್ಟಿದ, ಉಳುಕದ ಕಾಲನ್ನು.

ಚಹಾ ಬಂತು. ಪಲ್ಲವಿ ಹೇಳಲು ಬಂದದ್ದನ್ನು ತನ್ನ ತೊದಲು ಕನ್ನಡದಲ್ಲೇ ಹೇಳಿದಳು. "ನಾನು ಕೆಲಸ ಬಿಡೋದಿಲ್ಲ."

"ಬಿಡ್ರಿ ಅಂತ ಯಾರಂದ್ರು?" ಎಂದ ಅವನು. "ವಿಜಯಪುರದಾಗ ದವಾಖಾನಿ ಅದಾವ. ಮುಂಜಾನಿ ಹೋಗಾಕ ಗಾಡಿ ಅದ, ಸಂಜಿಗೆ ಬರಾಕ ಗಾಡಿ ಅದ. ನನ್ನ ಡ್ಯೂಟಿ ಇದ್ದ ದಿನ ನಾನss ಹಸರು ನಿಶಾನಿ ತೋರಸ್ತೀನಿ."

ಅವಳು ಕಪ್ಪು ಕೆಳಗಿಟ್ಟಳು. ಕಾಲೇಜಿನ ದಿನಗಳಿಂದ ಡೊಂಬಿವಲಿಯ ಲೇಡೀಸ್ ಡಬ್ಬಿಯ ಬಾಗಿಲಲ್ಲಿ ಜೋತು ಬಂದ ಹುಡುಗಿ. ಪ್ರೀತಿ, ಸ್ವಭಾವ, ಅತ್ತೆ ಮಾವ ಯಾವುದನ್ನೂ ಕೇಳಲಿಲ್ಲ.

"ಸೀಟ್ ಸಿಗ್ತದ?"

"ಸೀಟ್ ಏನ್ರಿ, ಡಬ್ಬಿನss ಸಿಗ್ತದ."

ವಾಪಸು ಬರುವಾಗ ಗಾಡಿ ಪೂರ್ತಿ ನಿಂತ ಮೇಲೆ ಅಣ್ಣ ಹತ್ತಿದ. ಪಲ್ಲವಿ ಮೂವರ ಬೆಂಚಿನಲ್ಲಿ ಒಬ್ಬಳೇ ಕಾಲು ಚಾಚಿ ಕೂತು, ಮೊಬೈಲಿನಲ್ಲಿ ವಿಜಯಪುರದ ಆಸ್ಪತ್ರೆಗಳನ್ನು ಹುಡುಕುತ್ತಿದ್ದಳು. ಕೆಲಸ ಸಿಕ್ಕ ಮೇಲೆಯೇ ಮುಹೂರ್ತ ಎಂದು ಷರತ್ತು ಹಾಕಿದ್ದಾಳೆ. ಹುಡುಗ ಒಪ್ಪಿದ್ದಾನೆ.

ಡೊಂಬಿವಲಿಯ ಹೆಣ್ಣುಮಕ್ಕಳೇ, ನಿಜ ಹೇಳಿ: ಬಂಗಾರ ಕೊಡಿಸುತ್ತೇನೆ ಎನ್ನುವ ಗಂಡು ಎಲ್ಲಾದರೂ ಸಿಕ್ಕಾನು, ದಿನಾ ಕಿಟಕಿ ಪಕ್ಕದ ಸೀಟು ಕೊಡಿಸುತ್ತೇನೆ ಎನ್ನುವವನು ನಿಮಗೆ ಯಾರಿಗಾದರೂ ಸಿಕ್ಕಿದ್ದಾನೆಯೇ?