ಇಸ್ತ್ರಿಯತ್ತೆಯ ಒಳಕೋಣೆಯ ಫ್ರಿಜ್ಜುಗಳು

ಇಸ್ತ್ರಿಯತ್ತೆಗೆ ಆ ಹಳ್ಳಿಯಲ್ಲಿ ರಕ್ತಸಂಬಂಧಿಗಳು ಯಾರೂ ಇಲ್ಲ, ಆದರೂ ಊರಿಗೆಲ್ಲ ಅವಳು ಅತ್ತೆ. ಗಂಡ ಬಿಟ್ಟುಹೋದ ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯಲ್ಲೇ ಊರವರ ಬಟ್ಟೆ ತೀಡಿ ಹೊಟ್ಟೆ ಹೊರೆಯುವವಳು. ಗಾಳಿಗೆ ಸೂರಿನ ಅರ್ಧ ತಗಡು ಹಾರಿಹೋದ ಮೇಲೆ ಮೋಡ ಕಂಡರೆ ಸಾಕು, ಅವಳು ಬಟ್ಟೆಗಂಟು ಎತ್ತಿಕೊಂಡು ಮೂಲೆಗೆ ಓಡುವಳು. ಗಿರಾಕಿಯ ಬಿಳಿ ಅಂಗಿಯ ಮೇಲೆ ಮಸಿ ನೀರು ತೊಟ್ಟಿಕ್ಕಿದರೆ ಅನ್ನಕ್ಕೆ ಕಲ್ಲು ಬಿತ್ತೆಂದೇ ಲೆಕ್ಕ.

ಅಷ್ಟರಲ್ಲಿ ಸುದ್ದಿ ಬಂತು: ಪರದೇಶದ ಕಾಲೇಜು ಮಕ್ಕಳು ಬಡತನ ಕಲಿಯಲು ವಿಮಾನ ಹತ್ತಿ ಬರುತ್ತಾರಂತೆ! ಇಲ್ಲಿಯವರಿಗೆ ಹುಟ್ಟಿನಿಂದಲೇ ಬಂದ ವಿದ್ಯೆ, ಪಾಪ, ಅವರು ಫೀಸು ಕಟ್ಟಿ ಕಲಿಯಬೇಕು. ನೆರವು ಸಂಸ್ಥೆಯ ಮೇಲ್ವಿಚಾರಕ ಬೀದಿಯಲ್ಲಿ ನಿಂತು ಸಾರಿದ, ಮಕ್ಕಳು ಮನೆಮನೆ ನೋಡಿ ಆರಿಸಿದ ಕಡುಬಡವರಿಗೆ ಹೊಸ ಸೂರು ಎಂದು.

ಸರಿ, ಬೀದಿಗೆ ಬೀದಿಯೇ ದಿವಾಳಿ ಎದ್ದಿತು. ಟೈಲರ್ ಹೆಂಡತಿ ಫ್ರಿಜ್ ಹೊರಿಸಿಕೊಂಡು ಬಂದಳು.

"ಅತ್ತೇ, ಒಂದು ಗಳಿಗೆ ಇಟ್ಕೊಳ್ಳಿ. ನಿಮ್ಮ ಒಳಕೋಣೆ ಹೇಗೂ ಖಾಲಿ. ನಿಮ್ಮ ಕಷ್ಟ ಯಾರಿಗೆ ಗೊತ್ತಿಲ್ಲ, ಸೂರು ನಿಮಗೇ ಬಿಡಿ."

ಅವಳ ಹಿಂದೆಯೇ ಉಳಿದವರ ಟಿವಿ, ಮಿಕ್ಸಿ, ಇನ್ನೊಂದು ಫ್ರಿಜ್. ಯಾರ ಮುಖವನ್ನೂ ಮುರಿಯಲಾರದ ಅತ್ತೆ, "ಇಡ್ರಮ್ಮ, ಇಡ್ರಿ" ಎಂದಳು.

ಮಕ್ಕಳು ಬಂದರು. ಟೈಲರ್ ಹೆಂಡತಿ ಹರಕು ಸೀರೆ ಉಟ್ಟು ಗೊಳೋ ಎಂದು ಅತ್ತಳು. ಅತ್ತೆಯ ಮನೆಯಲ್ಲಿ ಬಿಸಿಲಿಗೆ ಬೆಂದ ಹುಡುಗಿಯೊಬ್ಬಳು ನೆರಳು ಹುಡುಕಿ ಒಳಕೋಣೆಗೇ ನುಗ್ಗಿದಳು. ನುಗ್ಗಿದವಳು ಕಣ್ಣರಳಿಸಿ ಗೆಳೆಯರನ್ನು ಕೂಗಿದಳು. ಒಂದು ಇಸ್ತ್ರಿ ಪೆಟ್ಟಿಗೆಯಿಂದ ಹೆಂಗಸೊಬ್ಬಳು ಇಷ್ಟು ಮೇಲೆ ಬಂದಳಲ್ಲ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆಯನ್ನು ಎರಡು ಫ್ರಿಜ್ಜುಗಳ ನಡುವೆ ನಿಲ್ಲಿಸಿ ಫೋಟೊ ಹೊಡೆದರು. ಬೀದಿಯವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರು. ಸೂರು ಟೈಲರ್ ಹೆಂಡತಿಯ ಪಾಲಾಯಿತು.

ಅತ್ತೆ ಮೇಲ್ವಿಚಾರಕನ ಹಿಂದೆ ಓಡಿದಳು. "ಸಾರ್, ಅದ್ಯಾವುದೂ ನಂದಲ್ಲ! ನನ್ನ ಸೂರು?"

"ನಂಗೊತ್ತಿಲ್ವಾ ಅತ್ತೆ? ಆದ್ರೆ ಅವ್ರಿಗೆ ಬಡತನ ಗೆದ್ದೋರೊಬ್ಬರು ಬೇಕಿತ್ತು, ನೀವು ಸಿಕ್ಕಿದ್ರಿ. ಗೆದ್ದೋರಿಗೆ ಸೂರು ಕೊಡೋಕಾಗುತ್ತಾ?" ಎಂದು ಅವನು ಜೀಪು ಹತ್ತಿದ.

ಅತ್ತೆ ಮನೆಗೆ ಹಿಂತಿರುಗಿದರೆ ಟೈಲರ್ ಹೆಂಡತಿ ಬಾಗಿಲಲ್ಲೇ ಆಳುಗಳೊಂದಿಗೆ ನಿಂತಿದ್ದಾಳೆ. "ಅತ್ತೇ, ನಮ್ಮ ಫ್ರಿಜ್..."

ಅತ್ತೆ ಹೊಸ್ತಿಲ ಮೇಲೆ ಅಡ್ಡ ನಿಂತಳು.

"ಯಾವ ಫ್ರಿಜ್ಜಮ್ಮಾ? ನಿನ್ನಂಥ ಕಡುಬಡವರ ಮನೇಲಿ ಫ್ರಿಜ್ ಎಲ್ಲಿಂದ ಬಂತು? ನಿಂಗೆ ಬರೋ ತಗಡು ತಂದು ನನ್ನ ಮನೆ ಮೇಲೆ ಹೊದಿಸು. ಆಮೇಲೆ ಒಳಗೆ ಬಾ."